ಮೂರು ಒಲೆ, ಮೂರು ಹಂಡೆ, ಕುದಿಯದ ನೀರು

ದಾನ ಮಾಡುವವರನ್ನು ಬೈಯಬಾರದು ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಪಾಪ, ಆಕೆ ನಮ್ಮ ಹೆರಿಗೆ ಮನೆಯ ಕಮಿಟಿಯನ್ನು ನೋಡಿರಲಿಲ್ಲ.

ಹುಬ್ಬಳ್ಳಿಯ ನಾಲ್ಕಾರು ಅರಳೆ ವ್ಯಾಪಾರಸ್ಥರು ಕೂಡಿ, ಧಾರವಾಡದ ರಸ್ತೆಯಲ್ಲಿ ಬೈರಿದೇವರಕೊಪ್ಪದ ಈಚೆಯ ಬಯಲಿನಲ್ಲಿ ಅದನ್ನು ಕಟ್ಟಿಸಿದ್ದರು. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರದ ಕಾಲ. ಪಡಸಾಲೆಯ ಗೋಡೆಗೆ ದೊಡ್ಡ ಅಮೃತಶಿಲೆಯ ಫಲಕ. ಅದರಲ್ಲಿ ದಾನಿಗಳ ಹೆಸರು, ಅವರ ತಂದೆಯರ ಹೆಸರು, ಫಲಕ ಕೊಡಿಸಿದವರ ಹೆಸರು ಬೇರೆ. ಹೆರಿಗೆಯ ಖೋಲಿಗೆ ಮಾತ್ರ ಒಂದೇ ಕಿಟಕಿ. ಬಾಣಂತಿಯರನ್ನು ಜಾತಿ ನೋಡಿ ಮೂರು ಖೋಲಿಗಳಲ್ಲಿ ಮಲಗಿಸುತ್ತಿದ್ದರು: ಮೇಲಿನವರದು, ನಡುವಿನವರದು, ಕೇರಿಯವರದು. ನಲ್ಲಿ ಹಾಕಿಸುವುದನ್ನು ಮರೆತಿದ್ದರು. ಹಿತ್ತಲಲ್ಲಿ ಒಂದು ಬಾವಿ ಇತ್ತು. ಅದರಿಂದ ನೀರು ಸೇದುವ ಆಳು ಒಬ್ಬ, ಒಳಗಿನ ಕೆಲಸಕ್ಕೆ ಆಯಾ ಒಬ್ಬಳು, ಲೆಕ್ಕಪತ್ರಕ್ಕೆ ಕಾರಕೂನನೊಬ್ಬ, ಹೆರಿಗೆ ಮಾಡಿಸಲು ನಾನು. ಡಾಕ್ಟರು ಧಾರವಾಡದಲ್ಲಿದ್ದರು. ಹೇಳಿ ಕಳಿಸಿದರೆ ಬರುತ್ತಿದ್ದರು, ಅಷ್ಟರಲ್ಲಿ ಆಗುವುದೆಲ್ಲ ಆಗಿಹೋಗಿರುತ್ತಿತ್ತು.

ನಾನು ಪುಣೆಯಲ್ಲಿ ಕಲಿತು ಬಂದವಳು. ಯಾರಾದರೂ ನನ್ನನ್ನು ಸೂಲಗಿತ್ತಿ ಎಂದರೆ ಕಮಿಟಿಯ ಅಧ್ಯಕ್ಷರಿಗೆ ಸಿಟ್ಟು. "ಮಿಡ್‌ವೈಫ್ ಅನ್ರಿ, ಪುಣೇದಿಂದ ತರಿಸೇವಿ" ಎಂದು ತಿದ್ದುತ್ತಿದ್ದರು. ಹೊಸ ಮೋಟಾರು ಕೊಂಡವರು ನೆಂಟರಿಗೆ ಅದರ ಭೋಂಗಾ ಒತ್ತಿ ತೋರಿಸುತ್ತಾರಲ್ಲ, ಹಾಗೆ ನನ್ನನ್ನು ತೋರಿಸುತ್ತಿದ್ದರು.

ಮೊದಲು ಅಲ್ಲಿ ಒಂದೇ ಹಂಡೆ ಇತ್ತು, ತಾಮ್ರದ್ದು. ಅದರ ಕೆಳಗೆ ದಿನಾ ಒಂದು ಹೊರೆ ಹತ್ತಿಕಟ್ಟಿಗೆ ಉರಿಸಿದರೆ ನೀರು ತಕತಕ ಕುದಿಯುತ್ತಿತ್ತು. ಹೆರಿಗೆ ಕೆಲಸದಲ್ಲಿ ಅರ್ಧ ವಿದ್ಯೆ ಕುದಿಯುವ ನೀರಿನಲ್ಲೇ ಇದೆ. ಹೊಕ್ಕುಳ ಹುರಿ ಕತ್ತರಿಸುವ ಕತ್ತರಿ, ಕಟ್ಟುವ ದಾರ, ಒರೆಸುವ ಬಟ್ಟೆ, ನನ್ನ ಕೈ ಎಲ್ಲವೂ ಆ ನೀರನ್ನು ದಾಟಿಯೇ ಬಾಣಂತಿಯ ಮೈ ಮುಟ್ಟಬೇಕು. ಇಲ್ಲದಿದ್ದರೆ ಮೂರನೆಯ ದಿನಕ್ಕೋ ನಾಲ್ಕನೆಯ ದಿನಕ್ಕೋ ಚಳಿ ಹಿಡಿದು ಜ್ವರ ಏರುತ್ತದೆ. ಆ ಜ್ವರ ಇಳಿಸುವ ಔಷಧ ಆಗ ನಮ್ಮ ಯಾರ ಕೈಯಲ್ಲೂ ಇರಲಿಲ್ಲ.

ಒಂದು ದಿನ ಮೇಲಿನ ಖೋಲಿಯ ಬಾಣಂತಿಯ ಕಡೆಯವರು, ಕೇರಿಯವರ ತಂಬಿಗೆ ಅದೇ ಹಂಡೆಯಲ್ಲಿ ಮುಳುಗಿದ್ದನ್ನು ಕಂಡರು. ಕೂಗಾಟವಾಯಿತು, ಕಮಿಟಿ ಕೂಡಿತು. ಚಹಾ ಕುಡಿದು ಠರಾವು ಮಾಡಿತು. ಮೇಲಿನ ಖೋಲಿಗೆ ತಾಮ್ರದ ಹಂಡೆ, ನಡುವಿನ ಖೋಲಿಗೆ ಹಿತ್ತಾಳೆಯದು, ಕೇರಿಯವರ ಖೋಲಿಗೆ ಕಬ್ಬಿಣದ್ದು. ಮೂರಕ್ಕೆ ಮೂರು ಒಲೆ. ಬಾವಿ ಒಂದೇ, ಹಗ್ಗ ಒಂದೇ, ಸೇದುವವನೂ ಒಬ್ಬನೇ. ಹಂಡೆಗೆ ಬೀಳುವವರೆಗೆ ನೀರಿಗೆ ಜಾತಿಯಿಲ್ಲ. ಬಿದ್ದ ಕೂಡಲೇ ಬರುತ್ತಿತ್ತು. ಇಂಥ ಬುದ್ಧಿ ಬೇರೆ ಊರಲ್ಲಿ ಹುಟ್ಟುವುದು ಕಷ್ಟ.

ಹೊಸ ಹಂಡೆಗಳಿಗೆ ದಾನಿಗಳು ತಾವಾಗಿಯೇ ಬಂದರು, ಏಕೆಂದರೆ ಹಂಡೆಯ ಕಂಠದ ಮೇಲೆ ಹೆಸರು ಕೊರೆಸಬಹುದು. ಕಟ್ಟಿಗೆಗೆ ಒಬ್ಬ ದಾನಿಯೂ ಹುಟ್ಟಲಿಲ್ಲ. ಕಟ್ಟಿಗೆಯ ಮೇಲೆ ಹೆಸರು ಕೊರೆಸಿದರೆ ಸುಟ್ಟುಹೋಗುತ್ತದೆ. ಹೀಗಾಗಿ ಮೊದಲಿನ ಅದೇ ಒಂದು ಹೊರೆಯನ್ನು ಆಯಾ ಮೂರು ಪಾಲು ಮಾಡಿದಳು. ಹತ್ತಿಕಟ್ಟಿಗೆ ಎಂದರೆ ಭುಸ್ಸೆಂದು ಎದ್ದು ಉಸ್ಸೆಂದು ಕೂಡುವಂಥದು. ಮೂರು ಒಲೆಯಲ್ಲೂ ಹೊಗೆ ಬಂತು. ಒಂದು ಹಂಡೆಯಲ್ಲೂ ಕುದಿ ಬರಲಿಲ್ಲ.

ಅಧ್ಯಕ್ಷರಿಗೆ ಹೇಳಿದೆ. ಅವರು ಹಿತ್ತಲಿಗೆ ಬಂದು, ಧೋತರದ ಚುಂಗು ಎತ್ತಿಕೊಂಡು, ತಾಮ್ರದ ಹಂಡೆಯೊಳಗೆ ತೋರುಬೆರಳು ಅದ್ದಿದರು.

"ಬಿಸಿ ಅದಾವಲ್ರಿ ಬಾಯಾರ! ಬೆರಳು ಸುಡಾಕತ್ತೈತಿ."

"ಬಿಸಿ ಆದ್ರ ಸಾಲಂಗಿಲ್ರಿ. ಕುದೀಬೇಕು."

"ಕುದಿಯಾಕ ಇದೇನು ಸಾರೇನ್ರಿ?" ಎಂದು ನಕ್ಕರು. ಜೊತೆಗಿದ್ದ ಇಬ್ಬರು ಸದಸ್ಯರೂ ನಕ್ಕರು. ಅಧ್ಯಕ್ಷರು ನಕ್ಕಾಗ ನಗುವುದಕ್ಕೇ ಅವರನ್ನು ಸದಸ್ಯರನ್ನಾಗಿ ಮಾಡಿದ್ದು. ಅದ್ದಿದ ಆ ಬೆರಳಿನ ಕೊಳೆಯೂ ಈಗ ನೀರಿನಲ್ಲಿದೆ ಎಂದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅವರು ಮೋಟಾರು ಹತ್ತಿದ್ದರು.

ನನ್ನ ಹತ್ತಿರ ಒಂದು ಸ್ಟೋವ್ ಇತ್ತು. ಚಿಮಣಿ ಎಣ್ಣೆ ಇದ್ದಷ್ಟರಲ್ಲಿ ಚಿಕ್ಕ ಪಾತ್ರೆಯಲ್ಲಿ ಕತ್ತರಿ, ದಾರ ಕುದಿಸಿಕೊಳ್ಳುತ್ತಿದ್ದೆ. ಕೈ ತೊಳೆಯಲು, ಬಟ್ಟೆ ಕುದಿಸಲು ಅದು ಯಾವ ಮೂಲೆಗೂ ಸಾಲದು. ನಡುವಿನ ಖೋಲಿಯಲ್ಲಿ ಒಬ್ಬಳಿಗೆ ಜ್ವರ ಬಂತು. ಮೇಲಿನ ಖೋಲಿಯಲ್ಲಿ ಇನ್ನೊಬ್ಬಳಿಗೆ ಬಂತು. ಇಬ್ಬರೂ ಸಾವಿನ ಹೊಸ್ತಿಲು ಮುಟ್ಟಿ ಹಿಂದಕ್ಕೆ ಬಂದರು. ಕಮಿಟಿ ವಿಚಾರಣೆ ಮಾಡಿ, ತವರಿನಿಂದ ಬಂದ ಬದನೆಕಾಯಿ ಪಲ್ಯವೇ ಕಾರಣ ಎಂದು ಕಂಡುಹಿಡಿಯಿತು. ಹೆರಿಗೆ ಮನೆಯೊಳಗೆ ಬದನೆಕಾಯಿ ತರಕೂಡದು ಎಂದು ಇನ್ನೊಂದು ಠರಾವು ಪಾಸಾಯಿತು.

ಇಂಥ ದಿನಗಳಲ್ಲಿ ಒಂದು ಮಧ್ಯಾಹ್ನ ಕೊಪ್ಪದ ಕೇರಿಯಿಂದ ಒಂದು ಗಾಡಿ ಬಂತು. ಅದರಲ್ಲಿ ಬೇನೆ ತಿನ್ನುತ್ತಿದ್ದ ಒಬ್ಬ ಹುಡುಗಿ, ಪಕ್ಕದಲ್ಲಿ ಅವಳ ಅತ್ತೆ. ಅತ್ತೆ, ಸೊಸೆ ಇಬ್ಬರೂ ಜಿನ್ನಿಂಗ್ ಕಾರಖಾನೆಯಲ್ಲಿ ಅರಳೆ ಆರಿಸುವವರು. ಅಂದರೆ ಫಲಕದ ಮೇಲಿನ ಹೆಸರಿನವರಿಗೇ ದುಡಿಯುವವರು. ಹುಡುಗಿಯದು ಇದು ಎರಡನೆಯ ಹೆರಿಗೆ. ಮೊದಲನೆಯದರಲ್ಲಿ ಕೂಸು ಉಳಿದಿರಲಿಲ್ಲ.

ಕೂಸು ಸಲೀಸಾಗಿ ಹುಟ್ಟಿತು. ಹೆಣ್ಣು. ಕಿಟಕಿ ನಡುಗುವಂತೆ ಅತ್ತಿತು. ಅತ್ತೆ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು, "ಗಂಟಲ ನೋಡ್ರಿ, ಕಾರಖಾನಿ ಭೋಂಗಾ ಕೇಳಿ ಕಲತೈತಿ" ಎಂದಳು. ನಾವೆಲ್ಲ ನಕ್ಕೆವು.

ಆಮೇಲೆ ಮಾಸು ಬೀಳಲಿಲ್ಲ.

ಕೂಸಿನ ಹಿಂದೆಯೇ ಬೀಳಬೇಕಾದ ಮಾಸಿಗಾಗಿ ಕಾಯುವುದು ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ. ಅವಸರ ಮಾಡಿ ಹುರಿ ಹಿಡಿದು ಎಳೆಯಬಾರದು. ಹೊಟ್ಟೆಯ ಮೇಲೆ ಅಂಗೈ ಇಟ್ಟು ಗರ್ಭ ಗಟ್ಟಿಯಾಗುತ್ತದೆಯೇ ಎಂದು ನೋಡುತ್ತ ಕೂಡಬೇಕು. ಕೂತೆ. ಮೆಲ್ಲಗೆ ತಿಕ್ಕಿದೆ. ಗಟ್ಟಿಯಾದಾಗ ಹಿಡಿದು ಕೆಳಕ್ಕೆ ಒತ್ತಿದೆ. ಮತ್ತೆ ಕಾಯ್ದೆ. ಗರ್ಭ ನೆನೆದ ಹಿಟ್ಟಿನಂತೆ ಮೆತ್ತಗಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ರಕ್ತ ಶುರುವಾಯಿತು. ಮೊದಲು ತೊಟ್ಟಿಕ್ಕಿತು, ಆಮೇಲೆ ಹರಿಯಿತು. ಹುಡುಗಿ ಆಕಳಿಸಿದಳು. ರಕ್ತ ಹೋಗುವ ಹೆಂಗಸು ಆಕಳಿಸಿದರೆ ಮೈಯಲ್ಲಿ ರಕ್ತ ಸಾಲುತ್ತಿಲ್ಲ ಎಂದು ಅರ್ಥ. ಅದು ನಿದ್ದೆಯ ಆಕಳಿಕೆಯಲ್ಲ.

ನೀರು ಸೇದುವವನನ್ನು ಸೈಕಲ್ ಮೇಲೆ ಡಾಕ್ಟರ ಕಡೆಗೆ ಓಡಿಸಿದೆ. ಅವರು ಬರುವವರೆಗೆ ಅವಳು ತಡೆಯುವುದಿಲ್ಲ ಎಂಬುದು ಗೊತ್ತಿತ್ತು. ಉಳಿದ ದಾರಿ ಒಂದೇ. ಕೈ ಒಳಗೆ ಹಾಕಿ ಮಾಸನ್ನು ಬಿಡಿಸಬೇಕು, ಆಮೇಲೆ ತಡೆದುಕೊಳ್ಳುವಷ್ಟು ಬಿಸಿಯಾದ ನೀರು ಹಾಯಿಸಿ ಗರ್ಭವನ್ನು ಗಟ್ಟಿ ಮಾಡಬೇಕು. ಎರಡಕ್ಕೂ ಕುದಿದ ನೀರು ಬೇಕು, ಕೊಡಗಟ್ಟಲೆ. ತೊಳೆಯದ ಕೈ ಹಾಕಿದರೆ ಇವತ್ತು ಉಳಿದವಳು ಮುಂದಿನ ವಾರ ಜ್ವರದಲ್ಲಿ ಹೋಗುತ್ತಾಳೆ.

"ಆಯಾ, ಹಂಡೇದ ನೀರು ಹೆಂಗದಾವ?"

ಆಯಾ ಮೂರರಲ್ಲೂ ನೋಡಿ ಬಂದು ಬಾಗಿಲಲ್ಲಿ ನಿಂತಳು. "ಎಮ್ಮಿ ಮೈ ತೊಳಿಯಾಕ ಛಲೋ ಅದಾವ್ರಿ."

ನಾನು ಹೊಟ್ಟೆಯ ಮೇಲಿನ ಮುಷ್ಟಿ ಸಡಿಲಿಸದೆ ಹೇಳಿದೆ: "ಮೂರೂ ಒಲೀ ಬೆಂಕಿ ತಾಮ್ರದ ಹಂಡೇದ ಕೆಳಗ ಸರಸು. ಅರ್ಧಾ ನೀರು ಚೆಲ್ಲು, ಲಗೂ ಕುದೀತಾವ."

"ಮ್ಯಾಲಿನವರ ಹಂಡೇ ಅದು…"

"ತಾಮ್ರ ಲಗೂ ಕಾಯ್ತೈತಿ. ಹೋಗು."

ಆಯಾ ಎರಡನೆಯ ಸಲ ಕೇಳಲಿಲ್ಲ. ಆದರೆ ಕಾರಕೂನ ಕೇಳಿಸಿಕೊಂಡಿದ್ದ. ಹೊಸ್ತಿಲಾಚೆ ನಿಂತು, ಒಳಗೆ ನೋಡಬಾರದೆಂದು ಮುಖ ಗೋಡೆಗೆ ತಿರುಗಿಸಿಕೊಂಡು, ಗೋಡೆಯ ಜೊತೆಯೇ ಮಾತಾಡಿದ.

"ಬಾಯಾರ, ಕಮಿಟಿ ಠರಾವು ಐತ್ರಿ."

"ಅದನ್ನೂ ಒಲಿಗೆ ಹಾಕು. ಕಾಗದ ಛಲೋ ಉರೀತೈತಿ."

"ನನ್ನ ನೌಕರಿ ಹೋಗ್ತೈತ್ರಿ."

"ಆಕೀ ಜೀವಾ ಹೋಗ್ತೈತಿ. ನೌಕರಿ ಮತ್ತ ಸಿಗತೈತಿ, ನೋಡ್ಕೊ."

ಅವನು ಸಹಾಯಕ್ಕೆ ಓಡಲಿಲ್ಲ, ಅಧ್ಯಕ್ಷರ ಮನೆಗೆ ಓಡಿದ. ಹೇಡಿಗಳ ಕಾಲಿಗೆ ಅದೆಲ್ಲಿಂದ ಅಷ್ಟು ಶಕ್ತಿ ಬರುತ್ತದೋ!

ಮೂರು ಒಲೆಯ ಕಟ್ಟಿಗೆ ಕೂಡಿಸಿದರೂ ಸಾಲದೆ ಬಂತು. ಅದರಲ್ಲಿ ಅರ್ಧ ಆಗಲೇ ಬೂದಿಯಾಗಿತ್ತು. ಆಗ ಆಯಾ ಹಿತ್ತಲ ಮೂಲೆಯಲ್ಲಿ ಒರಗಿಸಿಟ್ಟಿದ್ದ ಉದ್ಘಾಟನೆಯ ಕಮಾನನ್ನು ಎಳೆದು ತಂದಳು. ಒಣಗಿದ ಬಿದಿರು, ಮೇಲೆ 'ಸುಸ್ವಾಗತ' ಎಂದು ಬರೆದ ಹಲಗೆ. ಮುಂದಿನ ವಾರ್ಷಿಕೋತ್ಸವಕ್ಕೆಂದು ಕಮಿಟಿ ಜೋಪಾನ ಮಾಡಿಟ್ಟಿತ್ತು. ಕೊಡಲಿಯ ಏಟು ನನಗೆ ಒಳಗೇ ಕೇಳಿಸಿತು. ಬಿದಿರು ಒಲೆಯಲ್ಲಿ ಪಟಾಕಿಯಂತೆ ಸಿಡಿಯಿತು. ಆ ಕಮಾನಿನಿಂದ ಆದ ಒಂದೇ ಒಂದು ಉಪಯೋಗ ಅದು.

ಅಷ್ಟು ಹೊತ್ತು ನಾನು ಗರ್ಭವನ್ನು ಮುಷ್ಟಿಯಲ್ಲಿ ಒತ್ತಿ ಹಿಡಿದೇ ಇದ್ದೆ. ಹುಡುಗಿಯ ತುಟಿ ಸುಣ್ಣದಂತಾಗಿತ್ತು. ಅತ್ತೆ ಕೂಸನ್ನು ಎದೆಗೊತ್ತಿಕೊಂಡು, "ಮಾತಾಡ ಯವ್ವಾ, ನಿನ್ನ ಮಗಳ ದನಿ ಕೇಳವ್ವಾ" ಎಂದು ಮತ್ತೆ ಮತ್ತೆ ಕರೆಯುತ್ತಿದ್ದಳು.

"ಕುದ್ದಾವ್ರಿ!" ಎಂದು ಆಯಾ ಕೂಗಿದಳು.

ಒಂದು ಪಾತ್ರೆ ನೀರನ್ನು ಬದಿಗಿಟ್ಟು ಆರಿಸಲು ಹೇಳಿದೆ. ಅತ್ತೆಗೆ ಹೊಟ್ಟೆ ಎಲ್ಲಿ ಒತ್ತಬೇಕೆಂದು ತೋರಿಸಿ, ಕೂಸನ್ನು ಚಾಪೆಗೆ ಹಾಕಿಸಿ, ನಾನು ಎದ್ದೆ. ಉಗುರು ಮೊದಲೇ ಕತ್ತರಿಸಿದ್ದೆ. ಕಾರ್ಬಾಲಿಕ್ ಸಾಬೂನು ಹಚ್ಚಿ ಬ್ರಷ್‌ನಿಂದ ಬೆರಳಸಂದಿ, ಉಗುರಿನ ಬುಡ, ಮುಂಗೈ, ಮೊಣಕೈವರೆಗೆ ತಿಕ್ಕಿದೆ. ಆಯಾ ಕೈ ತಾಳುವಷ್ಟು ಆರಿಸಿ ನೀರು ಸುರಿದಳು. ಮತ್ತೆ ತಿಕ್ಕಿದೆ, ಮತ್ತೆ ಸುರಿದಳು. ಎದುರಿಗೆ ರಕ್ತ ಹರಿಯುತ್ತಿರುವಾಗ ನಿಂತು ನಿಧಾನವಾಗಿ ಕೈ ತೊಳೆಯುವುದಿದೆಯಲ್ಲ, ಅದಕ್ಕೆ ಎದೆ ಕಲ್ಲು ಮಾಡಿಕೊಳ್ಳಬೇಕು. ಕಡೆಗೆ ಲೈಸಾಲ್ ನೀರಿನಲ್ಲಿ ಅದ್ದಿ, ಕೈ ಎತ್ತಿ ಹಿಡಿದು ಬಂದೆ.

ಒಂದು ಕೈ ಹೊಟ್ಟೆಯ ಮೇಲೆ. ಇನ್ನೊಂದನ್ನು ಬೆರಳು ಕೂಡಿಸಿ ಹುರಿಯ ಗುಂಟ ಒಳಗೆ ತೆಗೆದುಕೊಂಡು ಹೋದೆ. ಅರಿವಳಿಕೆ ಇಲ್ಲ, ಏನೂ ಇಲ್ಲ. ಸತ್ತಂತೆ ಬಿದ್ದಿದ್ದ ಹುಡುಗಿ ಕಿರುಚಿ ಎದ್ದಳು.

"ನಿನ್ನ ಕೈ ಸೇದಿ ಹೋಗ್ಲಿ! ಬಿಡ ನನ್ನ!"

"ಬೈ ತಂಗಿ, ಬಾಯಿ ತುಂಬ ಬೈ. ಸೊಂಟಾ ಮಾತ್ರ ಎತ್ತಬ್ಯಾಡ."

ಅವಳು ಬೈದಳು. ನನ್ನ ವಂಶವನ್ನೆಲ್ಲ ಒಂದು ಸುತ್ತು ಹಾಕಿ ಬಂದಳು. ನನಗೆ ಅದು ಮಂಗಳಾರತಿಯಂತೆ ಕೇಳಿಸಿತು. ಬೈಯುವಷ್ಟು ಉಸಿರು ಇನ್ನೂ ಇತ್ತಲ್ಲ. ಮಾಸಿನ ಅಂಚು ಬೆರಳಿಗೆ ಸಿಕ್ಕಿತು. ಕಿತ್ತಳೆಯ ಸಿಪ್ಪೆ ಬಿಡಿಸುವಂತೆ ಕೈಯ ಬದಿಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿದೆ. ಒಂದು ಕಡೆ ಬಿಗಿಯಾಗಿ ಅಂಟಿತ್ತು. ಅಲ್ಲಿ ಅವಸರ ಮಾಡಿದರೆ ಗರ್ಭವೇ ಹರಿಯುತ್ತದೆ. ಅಲ್ಲಿಯೇ ತಡೆದು, ಮತ್ತೆ ಮುಂದುವರಿಸಿದೆ. ಪೂರ್ತಿ ಬಿಟ್ಟಮೇಲೆ ಹೊರಗೆ ತೆಗೆದು ಪರಾತದಲ್ಲಿ ಹರವಿ ನೋಡಿದೆ. ತುಂಡುಗಳೆಲ್ಲ ಕೂಡಿದವು, ಒಳಗೆ ಏನೂ ಉಳಿದಿರಲಿಲ್ಲ. ಆರಿಸಿಟ್ಟ ನೀರನ್ನು ಮೊಣಕೈಗೆ ತಾಗಿಸಿ ನೋಡಿ, ನಳಿಕೆಯಿದ್ದ ಡಬ್ಬಿಗೆ ಹಾಕಿಸಿ, ಅದನ್ನು ಆಯಾಳಿಂದ ಎತ್ತರಕ್ಕೆ ಹಿಡಿಸಿ, ಗರ್ಭಕ್ಕೆ ಹಾಯಿಸಿದೆ. ನನ್ನ ಅಂಗೈ ಕೆಳಗೆ ಅದು ತೆಂಗಿನಕಾಯಿಯಂತೆ ಬಿಗಿಯಾಯಿತು. ರಕ್ತ ನಿಂತಿತು.

ಮಂಚದ ಕಾಲ ಕಡೆಗೆ ಇಟ್ಟಂಗಿ ಕೊಟ್ಟು ಎತ್ತರಿಸಿದೆವು. ಕೈಯ ನಾಡಿ ದಾರದಂತೆ ಸಣ್ಣಗೆ ಓಡುತ್ತಿತ್ತು. ಆದರೆ ಓಡುತ್ತಿತ್ತು.

ಆಗ ಹೊರಗೆ ಮೋಟಾರು ನಿಂತ ಸದ್ದಾಯಿತು.

ಪಡಸಾಲೆಯಲ್ಲಿ ಫಲಕದ ಕೆಳಗೆ ಅಧ್ಯಕ್ಷರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅಕ್ಕಪಕ್ಕದಲ್ಲಿ ನಗುವ ಸದಸ್ಯರು, ಈಗ ನಗು ಬಿಟ್ಟಿದ್ದರು. ಹಿಂದೆ ಕಾರಕೂನ. ಇಷ್ಟು ಹೊತ್ತಿಗೆ ಯಾರಾದರೂ "ಬದುಕಿದಳೇ?" ಎಂದು ಕೇಳುತ್ತಾರೆ ಎಂದುಕೊಂಡಿದ್ದೆ.

"ಹಂಡೇ ಮೈಲಿಗಿ ಆಯ್ತಂತಲ್ರಿ?" ಎಂದರು ಅಧ್ಯಕ್ಷರು.

"ನೀರು ಕುದಿಸೀವ್ರಿ."

"ಆ ಕಮಾನು?"

"ಅದನ್ನೂ ಉರಿಸೀವ್ರಿ."

ಅಧ್ಯಕ್ಷರು ಕಣ್ಣು ಮುಚ್ಚಿ ತೆರೆದರು. ಆಮೇಲೆ ಉಪಾಯ ಹೇಳಿದರು. ದೊಡ್ಡ ಮನೆಯ ಬಾಣಂತಿಯರು ಎದ್ದು ಹೋಗುವ ಮೊದಲು ಎಲ್ಲವನ್ನೂ ಶುದ್ಧಿ ಮಾಡಿಸಬೇಕು, ಅದಕ್ಕಾಗಿ ಕೊಪ್ಪದವಳನ್ನು ಈಗಿಂದೀಗಲೇ ಗಾಡಿಗೆ ಹಾಕಿ ಊರಿಗೆ ಕಳಿಸಬೇಕು. "ಹಡದಾಳಲ್ಲ, ಇನ್ನೇನೈತಿ ಆಕೀಗೆ ಇಲ್ಲಿ?"

ಆ ರಸ್ತೆಯ ತಗ್ಗು ದಿನ್ನೆಯಲ್ಲಿ ಗಾಡಿ ಕುಲುಕಿದರೆ ನಿಂತ ರಕ್ತ ಮತ್ತೆ ಒಡೆಯುತ್ತದೆ. ಮನೆ ಮುಟ್ಟುವುದು ಹೆಣ. ಇದನ್ನು ಬಿಡಿಸಿ ಹೇಳಿದೆ. ಅಧ್ಯಕ್ಷರು, "ಧರ್ಮದ ಮನಿ ನಡಸಾಕ ವ್ಯವಸ್ಥಾ ಬೇಕಾಗತೈತ್ರಿ" ಎಂದರು. ಆ ಮಾತು ಕೇಳಿದಾಗ ನನ್ನಲ್ಲಿ ಉಳಿದಿದ್ದ ಅಂಜಿಕೆಯೂ ಹೇಸಿಗೆಯಾಗಿ ಬದಲಾಯಿತು.

"ಆಗ್ಲಿ, ಕಳಸ್ರಿ" ಎಂದೆ. "ಆಕೀ ಕಾಲೂರಿ ನಿಲ್ಲಾಂಗಿಲ್ಲ. ಎತ್ತಿ ಗಾಡಿಗೆ ಹಾಕಬೇಕು. ನಾ ಅಂತೂ ಎತ್ತಾಂಗಿಲ್ಲ. ಯಾರು ಎತ್ತತೀರಿ, ಒಳಗ ಬರ್ರಿ."

ಅಧ್ಯಕ್ಷರು ಸದಸ್ಯರ ಕಡೆ ನೋಡಿದರು. ಒಬ್ಬ ಸದಸ್ಯರು ಜಂತಿ ನೋಡಿದರು, ಇನ್ನೊಬ್ಬರು ತಮ್ಮ ರುಮಾಲು ಸರಿಮಾಡಿಕೊಂಡರು. ಕಾರಕೂನ ಎರಡು ಹೆಜ್ಜೆ ಹಿಂದಕ್ಕೆ ಸರಿದು ಕಂಬಕ್ಕೆ ಡಿಕ್ಕಿ ಹೊಡೆದ.

"ಆಯಾ ಎತ್ತತಾಳ" ಎಂದರು ಅಧ್ಯಕ್ಷರು.

ಆಯಾ ಬಾಗಿಲಲ್ಲೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟಳು. "ಕಮಾನು ಕಡದ್ನೆಲ್ರಿ ಧಣ್ಯಾರ, ಸೊಂಟಾ ಹಿಡದೈತ್ರಿ."

"ಆ ಮುದುಕಿ? ಆಕೀ ಅತ್ತಿ?"

"ಒಬ್ಬಾಕಿ ಕೈಲಿ ಆಗಾಂಗಿಲ್ರಿ" ಎಂದು ಅತ್ತೆ ಒಳಗಿನಿಂದಲೇ ಹೇಳಿದಳು. "ನೀವೊಂದು ಕೈ ಹಿಡೀರಿ, ಎತ್ತೋಣು."

ಅವಳನ್ನು ಹೊರಗೆ ಹಾಕಲು ಅವಳನ್ನು ಮುಟ್ಟಬೇಕಿತ್ತು. ತಲೆತಲಾಂತರದಿಂದ ಮುಟ್ಟದೆ ಬಂದವರಿಗೆ ತಮ್ಮದೇ ನೇಮ ಆವತ್ತು ಕಾಲಿಗೆ ತೊಡರಿಕೊಂಡಿತು.

ಆ ಹೊತ್ತಿಗೆ ಮೇಲಿನ ಖೋಲಿಯಿಂದ ಒಬ್ಬ ಸಾವಕಾರ್ತಿ ಹೊರಗೆ ಬಂದರು. ಫಲಕದ ಮೇಲಿನ ಎಲ್ಲಕ್ಕೂ ದೊಡ್ಡ ಹೆಸರು ಅವರ ಗಂಡನದು. ಸೊಸೆಯ ಬಾಣಂತನಕ್ಕೆಂದು ಅಲ್ಲೇ ಇದ್ದರು. ಅಧ್ಯಕ್ಷರು ಎದ್ದು ನಿಂತರು.

"ತಪ್ಪಾತ್ರಿ ಅಕ್ಕಾರ. ನಿಮ್ಮ ಹಂಡೇ ಈಗ ಶುದ್ಧಿ ಮಾಡಸ್ತೇವಿ."

"ಈಗ ಮುಟ್ಟಬ್ಯಾಡ್ರಿ," ಎಂದರು ಸಾವಕಾರ್ತಿ. "ನನ್ನ ಸೊಸೀಗೆ ಎರಿಯಾಕತ್ತೇವಿ, ಅರ್ಧಾ ಎರದೈತಿ. ಬಂದಾಗಿಂದ ಇವತ್ತ ನೋಡ್ರಿ ನೀರು ನೀರಿನಂಗ ಕಾದಾವ. ಇಷ್ಟು ದಿನಾ ಉಗರಬೆಚ್ಚಗಿನ ನೀರು ಕೊಟ್ಟು ಆಕೀ ಮೈಯೆಲ್ಲಾ ವಾಯು ಮಾಡೀರಿ. ನಾಳೆನೂ ಹಿಂಗ ಕಾಸಾಕ ಹೇಳ್ರಿ."

"ಆದ್ರ ಅಕ್ಕಾರ, ಅದರಾಗಿಂದ ಕೇರಿಯವರಿಗೆ…"

"ನಾ ಏನೂ ನೋಡಿಲ್ಲ. ನೀವು ನೋಡೀರೇನು?"

ಅಧ್ಯಕ್ಷರೂ ನೋಡಿರಲಿಲ್ಲ. ಸದಸ್ಯರೂ ನೋಡಿರಲಿಲ್ಲ. ನೋಡಿದವನು ಕಾರಕೂನನೊಬ್ಬ, ಅವನೂ ಗೋಡೆ ನೋಡಿದ್ದ.

ಸಾವಕಾರ್ತಿಯ ಮನಸ್ಸು ಕರಗಿತು ಎಂದು ಯಾರೂ ತಿಳಿಯಬೇಡಿ. ಒಳಗೆ ಸಾಯುವುದರಲ್ಲಿದ್ದವಳ ಹೆಸರು ಅವರು ಕೇಳಲಿಲ್ಲ, ಖೋಲಿಯ ಕಡೆ ತಿರುಗಿ ನೋಡಲೂ ಇಲ್ಲ. ಅವರಿಗೆ ಬೇಕಿದ್ದದ್ದು ಸುಡುವ ನೀರು. ನನಗೆ ಬೇಕಿದ್ದದ್ದೂ ಅದೇ. ಮೋಟಾರು ಹಿಂದಕ್ಕೆ ಹೋಯಿತು, ಗಾಡಿ ಕಟ್ಟಲಿಲ್ಲ.

ಡಾಕ್ಟರು ಕತ್ತಲಾಗುವ ಮೊದಲು ಬಂದರು. ಚುಚ್ಚುಮದ್ದು ಕೊಟ್ಟು, ಪರಾತದಲ್ಲಿದ್ದುದನ್ನು ಮಗುಚಿ ನೋಡಿ, "ಪೂರಾ ಬಂದೈತಿ. ಇನ್ನ ಜ್ವರದ ಮ್ಯಾಲೆ ಕಣ್ಣಿಡ್ರಿ" ಎಂದರು. ಅಷ್ಟು ನನಗೂ ಗೊತ್ತಿತ್ತು. ಮುಂದಿನ ದಿನಗಳಲ್ಲಿ ಹುಡುಗಿಯ ಬಗಲಲ್ಲಿ ಥರ್ಮಾಮೀಟರ್ ಇಡುವಾಗೆಲ್ಲ ನನ್ನ ಕೈಯನ್ನು ನಾನೇ ಸಂಶಯದಿಂದ ನೋಡಿಕೊಳ್ಳುತ್ತಿದ್ದೆ. ಉಗುರಿನ ಮೂಲೆ ತಿಕ್ಕಿದೆನೇ? ನೀರು ನಿಜವಾಗಿ ಕುದಿದಿತ್ತೇ? ಅವಳು ಗಂಜಿ ಕುಡಿದು ಮಲಗುತ್ತಿದ್ದಳು, ಮಾತು ಕಡಿಮೆ. ಕೂಸಿಗೆ ಹಾಲು ಇಳಿದಿರಲಿಲ್ಲ. ನಡುವಿನ ಖೋಲಿಯ ಬಾಣಂತಿಯೊಬ್ಬಳು ಹಿತ್ತಲ ಬಾಗಿಲಿಂದ ಬಂದು, ಸೆರಗು ಮುಚ್ಚಿ ಹಾಲೂಡಿಸಿ ಹೋಗುತ್ತಿದ್ದಳು. ಅದನ್ನು ಕಮಿಟಿ ನೋಡಲಿಲ್ಲ. ನೋಡದೆ ಇರುವುದನ್ನು ಅವರು ಆಗಲೇ ಕಲಿತಿದ್ದರು.

ಕಮಿಟಿ ಮತ್ತೆ ಕೂಡಿತು, ಮತ್ತೆ ಚಹಾ ಕುಡಿಯಿತು. ಹೊಸ ಠರಾವು ಬಂತು. ನೀರನ್ನು ಒಂದೇ ಹಂಡೆಯಲ್ಲಿ ಕುದಿಸಬೇಕು, ಸುತ್ತ ತಟ್ಟಿ ಕಟ್ಟಬೇಕು, ಕುದಿದ ಮೇಲೆ ತಟ್ಟಿಯ ಹಿಂದೆಯೇ ಮೂರು ಪಾತ್ರೆಗೆ ಸುರಿದು ಮೂರು ಖೋಲಿಗೆ ಕಳಿಸಬೇಕು. ಯಾರ ಕಣ್ಣಿಗೂ ಬೀಳಬಾರದು. ಇಷ್ಟು ಬುದ್ಧಿವಂತಿಕೆಯನ್ನು ಹತ್ತಿ ವ್ಯಾಪಾರದಿಂದ ಉಳಿಸಿ ನಮಗೆ ದಾನ ಮಾಡಿದ್ದರು. ಅವರ ಮುಖದೆದುರೇ ನಗಬೇಕೆನ್ನಿಸಿತು. ಆದರೆ ನೀರು ಕುದಿಯುತ್ತಿತ್ತು. ತಟ್ಟಿಯ ಹಿಂದೆ ಕುದಿದರೂ ಅದು ಕುದಿಯೇ. ಸುಮ್ಮನೆ ಒಪ್ಪಿಕೊಂಡೆ.

ತಟ್ಟಿ ಕಟ್ಟಿದ ಮೇಲೆ ಅಧ್ಯಕ್ಷರು ಧಾರವಾಡದಿಂದ ಯಾರೋ ದೊಡ್ಡ ಅಧಿಕಾರಿಯನ್ನು ಕರೆತಂದರು. ಕಿಟಕಿಯಾಚೆ ಅವರ ದನಿ ಕೇಳುತ್ತಿತ್ತು: "ನಮ್ಮಲ್ಲಿ ಹೆಂಗಂದ್ರ ಸಾಹೇಬ್ರ, ನೀರು ಕುದ್ದ ಹೊರತು ಒಳಗ ಹೋಗೂದಿಲ್ಲ. ಇದು ನಾನು ಹಚ್ಚಿದ ವ್ಯವಸ್ಥಾ. ಜ್ವರದ ಹೆಸರಿಲ್ಲ ನೋಡ್ರಿ. ಈ ವಿಚಾರ ನನಗ ಮೊದ್ಲು ಹೆಂಗ ಹೊಳೀತಂದ್ರ…"

ನಾನು ಥರ್ಮಾಮೀಟರ್ ತೆಗೆದು ಬೆಳಕಿಗೆ ಹಿಡಿದೆ. ಪಾದರಸ ಎಲ್ಲಿರಬೇಕೋ ಅಲ್ಲಿಯೇ ನಿಂತಿತ್ತು. ಜ್ವರ ಬರುವ ದಿನಗಳು ದಾಟಿದ್ದವು.

ಹುಡುಗಿ ಗಂಜಿಯ ಬಟ್ಟಲನ್ನು ಮೊಣಕೈಯಿಂದ ಆಚೆ ತಳ್ಳಿದಳು.

"ಬಾಯಾರ, ಈ ಗಂಜಿ ನೋಡಿದ್ರ ಸಿಟ್ಟ ಬರತೈತ್ರಿ. ಹಸದು ಹೊಟ್ಟಿ ಕರಕರ ಅನ್ನಾಕತ್ತೈತಿ. ಒಂದು ಬಿಸಿ ರೊಟ್ಟಿ, ಮ್ಯಾಲೆ ಇಷ್ಟು ಖಾರಾ ಸಿಗತೈತೇನ್ರಿ?"

ನೀರು ಕುದಿಸುವ ವಿಚಾರ ಅಧ್ಯಕ್ಷರಿಗೆ ಹೇಗೆ ಹೊಳೆಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ರೊಟ್ಟಿ ತರಲು ಹೋದೆ.